ಬಾವಿಗೆ ಮರಳಬೇಕಾದ ನೀರು

ನಾನು ಬಾವಿಗೆ ಏನೋ ಬೆರೆಸುತ್ತೇನೆ ಎಂದು ಒಂದು ಇಡೀ ಊರು ನಂಬಿತ್ತು. ಆಗ ನನಗೆ ಹದಿನಾರು ವರ್ಷ. ಇರುವೆಯ ಸಾಲು ಕಂಡರೆ ಸೀರೆ ಎತ್ತಿ ದಾಟುವ ಹುಡುಗಿ ನಾನು. ಈಗ ಅದನ್ನು ನೆನೆದರೆ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಯಾರ ಮೇಲಿನ ಸಿಟ್ಟು ಎಂಬುದು ಮಾತ್ರ ಈ ವಯಸ್ಸಿನಲ್ಲೂ ಇತ್ಯರ್ಥವಾಗಿಲ್ಲ.

ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಮಾತು. ನನ್ನ ತವರು ಬೆಳಗಾವಿ. ಬಸದಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ, ಎಡಕ್ಕೂ ಬಲಕ್ಕೂ ನಮ್ಮ ಜೈನರದೇ ಮನೆಗಳು. ಗಂಡ ಜಂಗಲ್ ಖಾತೆಯಲ್ಲಿ ಕಾರಕೂನ. ಅವರಿಗೆ ಜಾಂಬೋಟಿಯ ಆಚೆ, ಕಾಡಿನೊಳಗಿನ ಕಟ್ಟಿಗೆ ಡಿಪೋಗೆ ವರ್ಗವಾಯಿತು. ಖಾನಾಪುರದವರೆಗೆ ರೈಲು, ಅಲ್ಲಿಂದ ಮುಂದೆ ಚಕ್ಕಡಿ. ಖಾನಾಪುರದ ಪೇಟೆಯಲ್ಲಿ ಇನ್ನೂ ಅರ್ಧ ಕನ್ನಡ ಕೇಳಿಸುತ್ತಿತ್ತು. ಚಕ್ಕಡಿ ಮುಂದೆ ಹೋದಂತೆ ಅದೂ ಕಡಿಮೆಯಾಯಿತು. ಸಂಜೆ ನಾವು ಇಳಿದದ್ದು ಹದಿನೈದು ಮನೆಗಳ ಊರಿನಲ್ಲಿ. ಎಲ್ಲರೂ ಒಬ್ಬರಿಗೊಬ್ಬರು ಬೀಗರು, ಭಾವಂದಿರು. ಎಲ್ಲರದೂ ಮರಾಠಿ. ನನಗೆ ಬರುತ್ತಿದ್ದ ಮರಾಠಿ ಬದನೆಕಾಯಿ ಚೌಕಾಸಿ ಮಾಡುವಷ್ಟು.

ಮುಂಗಾರಿನ ಮಿರಗದ ಮಳೆ ಹಿಡಿದ ಮೇಲೆ ಹೊಳೆ ಏರಿ ಚಕ್ಕಡಿ ನಿಂತವು. "ಇನ್ನ ದೀಪಾವಳಿ ತನಕ ದಾರಿ ಇಲ್ಲ" ಎಂದು ನನ್ನ ಗಂಡ ಹೇಳಿದರು, ಮನೆಯಲ್ಲಿ ಉಪ್ಪು ತೀರಿದೆ ಎಂದು ಹೇಳುವಷ್ಟು ಸಲೀಸಾಗಿ. ನಾನು ಬೆರಳು ಮಡಚಿ ತಿಂಗಳು ಎಣಿಸಿದೆ.

ನಮ್ಮಲ್ಲಿ ನೀರನ್ನು ಸೋಸದೆ ಕುಡಿಯುವುದಿಲ್ಲ. ಎರಡು ಪದರದ ದಪ್ಪ ಬಟ್ಟೆ ಹಿಡಿದು ಸೋಸಬೇಕು. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಅವು ಬಟ್ಟೆಯ ಮೇಲೆ ಉಳಿಯುತ್ತವೆ. ಆ ಬಟ್ಟೆಯನ್ನು ಸೋಸಿದ ನೀರಿನಿಂದಲೇ ತಂಬಿಗೆಯೊಳಗೆ ತೊಳೆದು, ಆ ನೀರನ್ನು ಅದೇ ಬಾವಿಗೆ ಬಿಡಬೇಕು. ಮೇಲಿನಿಂದ ಸುರಿಯುವಂತಿಲ್ಲ, ಪೆಟ್ಟಾಗುತ್ತದೆ. ತಂಬಿಗೆಗೆ ಹಗ್ಗ ಕಟ್ಟಿ ನೀರು ಮುಟ್ಟುವವರೆಗೆ ಇಳಿಸಿ ಮೆಲ್ಲಗೆ ಬಾಗಿಸಬೇಕು. ಕಳಿಸಿಕೊಡುವಾಗ ಅವ್ವ ಹೇಳಿದ್ದು ಒಂದೇ ಮಾತು: "ಉಪಾಸ ಬಿದ್ದರೂ ಚಿಂತಿಲ್ಲ, ಇದನ್ನೊಂದ ಬಿಡಬ್ಯಾಡ." ಅಲ್ಲಿ ನನ್ನವರು ಯಾರೂ ಇರಲಿಲ್ಲ, ಬಸದಿ ಇರಲಿಲ್ಲ, ನನ್ನ ಭಾಷೆ ಇರಲಿಲ್ಲ. ನಾನು ಯಾರ ಮಗಳು ಎಂದು ನನಗೆ ನೆನಪು ಮಾಡಲು ಈ ಒಂದು ಕೆಲಸವಾದರೂ ಇತ್ತು.

ಊರಿಗೆಲ್ಲ ಒಂದೇ ಬಾವಿ, ಪಾಟೀಲರ ಮನೆಯ ಮುಂದೆ. ದಿನಾ ಬೆಳಗ್ಗೆ ನಾನು ನೀರು ಸೇದಿ, ಅಲ್ಲೇ ಕಟ್ಟೆಯ ಮೇಲೆ ಸೋಸಿ, ತಂಬಿಗೆ ಇಳಿಸಿ ಬರುತ್ತಿದ್ದೆ. ಹೆಂಗಸರು ಮಾತು ನಿಲ್ಲಿಸಿ ನೋಡುತ್ತಿದ್ದರು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹರಕು ಮರಾಠಿ ಆಡಿ ನಗೆಪಾಟಲಾಗುವುದು ನನಗೆ ಬೇಕಿರಲಿಲ್ಲ. ಪೇಟೆಯ ಹುಡುಗಿ ಎಂಬ ಜಂಬ ಬೇರೆ.

ಆಷಾಢದಲ್ಲಿ ಊರಿನ ಮಕ್ಕಳಿಗೆ ವಾಂತಿಭೇದಿ ಹತ್ತಿತು. ಮಳೆಗಾಲದಲ್ಲಿ ಎಲ್ಲಿಯೂ ಹತ್ತುವಂಥದ್ದೇ. ಅದೇ ವಾರ ಪಾಟೀಲರ ಸೊಸೆ ದಾರಿಯಲ್ಲೇ ನನ್ನ ಕೊಡ ಇಸಿದುಕೊಂಡು, ಅತ್ತಿಗೆ ಎಂಬ ಅರ್ಥದಲ್ಲಿ ವೈನಿ ಎಂದು ಕರೆದಳು. ಅವಳ ಮರಾಠಿಯಲ್ಲಿ ನನಗೆ ತಿಳಿದದ್ದು ಇಷ್ಟು: "ಮಳ್ಯಾಗ ನೀವ್ಯಾಕ ತೋಯಿಸಿಕೋತೀರಿ ವೈನಿ? ಮನ್ಯಾಗ ಕುಂದರ್ರಿ, ನಾವ ತಂದ ಹಾಕತೇವಿ."

ನಾನು ಉಬ್ಬಿಹೋದೆ. ಮನೆಗೆ ಬಂದ ಗಂಡನಿಗೆ ಹೇಳಿದರೆ ಅವರೂ ಮೀಸೆ ತಿರುವಿದರು. "ಕಾರಕೂನನ ಹೇಣ್ತಿ ಅಂದ್ರ ಸುಮ್ಮನ ಏನು?" ಮರ್ಯಾದೆ ಎಂದುಕೊಂಡೆವು. ಇಬ್ಬರೂ ಶುದ್ಧ ದಡ್ಡರು.

ಮರುದಿನ ಬಾಗಿಲಿಗೆ ಬಂದ ನೀರನ್ನು ಸೋಸಿದೆ, ತಂಬಿಗೆ ಹಿಡಿದು ಹೊರಟೆ. ಎದುರು ಮನೆಯವಳು ಮೊರ ಕೆಳಗಿಟ್ಟು ಎದ್ದು ಬಂದಳು. "ವೈನಿ, ಒಳಗ ನಡ್ರಿ." ಸಂಜೆ ಹೊರಟೆ, ಇನ್ನೊಬ್ಬಳು ಬಂದಳು. ಬಾಯಲ್ಲಿ ನಯವೇ ನಯ, ಆದರೆ ದಾರಿ ಬಿಡಲಿಲ್ಲ. ನಾನು ಹೊಸ್ತಿಲಿಗೆ ಬಂದರೆ ತಾಯಂದಿರು ಮಕ್ಕಳನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಳ್ಳುವುದನ್ನು ಮೂರನೆಯ ದಿನ ಕಂಡೆ. ಆಗ ತಿಳಿಯಿತು, ನಾನು ಬಾವಿಗೆ ಮಾಟದ ನೀರು ಬಿಟ್ಟು ಮಕ್ಕಳಿಗೆ ಭೇದಿ ತಂದೆ ಎಂದು ಅವರು ನಂಬಿದ್ದರು.

"ನಾಕ ದಿನ ಸೋಸೂದ ಬಿಡು. ಯಾರ ನೋಡಾಕ ಬರತಾರ?" ಎಂದರು ಗಂಡ. ಅವರು ಡಿಪೋಗೆ ಹೋಗುವವರು, ನಾಲ್ಕು ಜನರೊಡನೆ ಮಾತಾಡುವವರು. ನಾನು ಒಂದು ಕೋಣೆ, ಒಂದು ಒಲೆ, ಒಂದು ಕಿಟಕಿಯೊಳಗೆ ಇದ್ದವಳು. ಹೊರಗೆ ಹೊಳೆ, ಹೊಳೆಗಿಂತ ಈಚೆ ಹೆಂಗಸರು. ಬಟ್ಟೆ ತೊಳೆದ ನೀರು ಒಂದು ತಂಬಿಗೆ ತುಂಬಿತು, ಆಮೇಲೆ ಗಡಿಗೆ ತುಂಬಿತು. ಅದರೊಳಗಿನ ಜೀವಗಳು ಸಾಯುತ್ತಿವೆ, ಕೊಲ್ಲುತ್ತಿರುವವಳು ನಾನು ಎಂದು ಗಡಿಗೆಯ ಮುಂದೆ ಕೂತು ಅಳುತ್ತಿದ್ದೆ. ಚೆಲ್ಲಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಧೈರ್ಯವಿಲ್ಲ. ಬೋನಿಗೆ ಬಿದ್ದ ಇಲಿಯ ಪಾಡು.

ಒಂದು ಮಧ್ಯಾಹ್ನ ಊರೆಲ್ಲ ಭತ್ತದ ನಾಟಿಗೆ ಹೋಗಿತ್ತು. ಆ ಬೆಳಗಿನ ನೀರನ್ನಾದರೂ ಮುಟ್ಟಿಸೋಣ ಎಂದು ತಂಬಿಗೆಯನ್ನು ಸೆರಗಿನೊಳಗೆ ಹಿಡಿದು ಬಾವಿಗೆ ನಡೆದೆ. ಹಗ್ಗ ಬಿಗಿಯುವಷ್ಟರಲ್ಲಿ ನನ್ನ ಮಣಿಕಟ್ಟನ್ನು ಯಾರೋ ಗಟ್ಟಿಯಾಗಿ ಹಿಡಿದರು. ಪಾಟೀಲರ ಮನೆಯ ಮುದುಕಿ. ಗದ್ದೆಗೆ ಹೋಗಲಾರದೆ ಜಗಲಿಯ ಮೇಲೆ ಕೂತಿದ್ದವಳನ್ನು ನಾನು ನೋಡಿರಲಿಲ್ಲ. ಅವಳು ಕೂಗಿದ ಕೂಗಿಗೆ ಹತ್ತಿರದ ಗದ್ದೆಯ ಹೆಂಗಸರು ಕೆಸರುಗಾಲಲ್ಲೇ ಓಡಿಬಂದರು. ಊರಿನಲ್ಲಿ ಕನ್ನಡ ಚೆನ್ನಾಗಿ ಬಲ್ಲವಳು ಈ ಮುದುಕಿಯೇ.

"ಏನೈತಿ ಇದರಾಗ?"

"ಜೀವ ಅದಾವ್ರಿ ಆಯಿ. ಕಣ್ಣಿಗೆ ಕಾಣೂದಿಲ್ಲ. ನಿಮ್ಮ ಬಾವ್ಯಾಗಿನವ. ತಿರಗಿ ಬಿಡಾಕ ಬಂದೀನಿ."

ಮುದುಕಿ ಅದನ್ನು ಮರಾಠಿಯಲ್ಲಿ ಹೇಳಿದಳು. ಹೆಂಗಸರ ಮುಖ ಇನ್ನಷ್ಟು ಬಿಗಿಯಿತು. ಮಾಟದ ಗುಮಾನಿ ಸಾಲದು ಎಂದು ಅವರ ಬಾವಿಯಲ್ಲಿ ಹುಳ ಇವೆ ಎಂದೂ ಹೇಳಿದ್ದೆ!

"ನಮ್ಮ ಹಿರ್ಯಾರು ತೋಡಿಸಿದ ಬಾವಿ ಇದು. ಇದರಾಗ ಹುಳ ಅದಾವ ಅಂತೀ?"

"ಎಲ್ಲಾ ನೀರಾಗೂ ಇರತಾವ್ರಿ. ನಮ್ಮ ಧರ್ಮ ಐತ್ರಿ, ಖರೇ ಹೇಳತೀನಿ."

"ಖರೇ ಇದ್ದರ ಕುಡಿ." ಮುದುಕಿ ನನ್ನ ಕೈ ಬಿಟ್ಟಳು. "ಮಾಟ ಇಲ್ಲಂದ್ರ ನಮ್ಮದ ನೀರ ಹೌದಲ್ಲ? ನಮ್ಮ ಮುಂದ ಕುಡಿ. ನಾಳಿಂದ ಯಾರೂ ನಿನ್ನ ತಡ್ಯಾಂಗಿಲ್ಲ."

ಅವಳು ಕ್ರೂರಿಯಲ್ಲ. ಅವಳ ಲೆಕ್ಕದಲ್ಲಿ ಇದಕ್ಕಿಂತ ಸುಲಭದ ಪರೀಕ್ಷೆ ಇರಲಿಲ್ಲ, ಒಂದು ಗುಟುಕು ನೀರು ಅಷ್ಟೇ. ಆ ತಂಬಿಗೆಯನ್ನು ಬಿಟ್ಟು ಜಗತ್ತಿನ ಬೇರೆ ಯಾವ ನೀರು ಕೊಟ್ಟಿದ್ದರೂ ಕುಡಿಯುತ್ತಿದ್ದೆನೋ ಏನೋ. ಯಾವ ಜೀವಗಳನ್ನು ಉಳಿಸಬೇಕೆಂದು ಬಂದಿದ್ದೆನೋ ಅವನ್ನೇ ನುಂಗು ಎಂದಿದ್ದಳು. ಸುತ್ತಲೂ ನೋಡಿದೆ. ಒಬ್ಬಳ ಕಂಕುಳಲ್ಲಿ ಭೇದಿಯಿಂದ ಸೊರಗಿದ ಕೂಸು ಇತ್ತು. ಆ ತಾಯಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ದೀಪಾವಳಿಗೆ ಇನ್ನೂ ಮೂರು ತಿಂಗಳು ಇತ್ತು.

ಕುಡಿದೆ. ತಂಬಿಗೆ ಬರಿದಾಗುವವರೆಗೂ ಕುಡಿದೆ. ಅದಕ್ಕೆ ಯಾವ ರುಚಿಯೂ ಇರಲಿಲ್ಲ, ಬರೀ ನೀರು. ನನಗೆ ಅದೇ ಹೆಚ್ಚು ಸಂಕಟವಾಯಿತು.

ಮುದುಕಿ ತನ್ನ ಸೆರಗಿನಿಂದ ನನ್ನ ಬಾಯಿ ಒರೆಸಿದಳು. "ಹುಚ್ಚಿ, ಮೊದಲ ಹೇಳಬಾರದಾಗಿತ್ತೇನ?" ಎಂದಳು. ಕೂಸಿನ ತಾಯಿ ಅಳುತ್ತಾ ನನ್ನ ಹೆಗಲ ಮೇಲೆ ಕೈಯಿಟ್ಟಳು. ಮಾರನೆಯ ದಿನದಿಂದ ಬಾವಿಕಟ್ಟೆಯಲ್ಲಿ ನನಗೆ ಜಾಗ ಬಿಟ್ಟರು. ನನ್ನ ತಂಬಿಗೆಯನ್ನು ಪಾಟೀಲರ ಸೊಸೆ ತಾನೇ ಹಗ್ಗ ಹಿಡಿದು ನೀರು ಮುಟ್ಟುವವರೆಗೆ ಇಳಿಸಿಕೊಡುತ್ತಿದ್ದಳು, ನನಗಿಂತ ಜೋಪಾನವಾಗಿ. ಮಕ್ಕಳು ನನ್ನ ಒಲೆಯ ಮುಂದೆ ಬಂದು ಕೂತವು. "ಹೆಂಗ ಬಗೀಹರೀತು?" ಎಂದು ಗಂಡ ಕೇಳಿದರು. "ತಿಳಿಸಿ ಹೇಳಿದ್ನಿ, ತಿಳಕೊಂಡ್ರು" ಎಂದೆ.

ದೀಪಾವಳಿ ಕಳೆದು ಹೊಳೆ ಇಳಿಯಿತು. ತಿಂಗಳ ಮಟ್ಟಿಗೆ ಎಂದು ಗಂಡನೊಡನೆ ತವರಿಗೆ ಬಂದೆ. ಅವ್ವ ಓಣಿಯ ಹೆಂಗಸರನ್ನೆಲ್ಲ ಪಡಸಾಲೆಯಲ್ಲಿ ಕೂಡಿಸಿದ್ದಳು. "ಅಂಥಾ ಅಡವ್ಯಾಗೂ ನಮ್ಮ ಹುಡಿಗಿ ಒಂದ ದಿನಾ ವ್ರತ ತಪ್ಪಿಸಿಲ್ಲ, ನೋಡ್ರಿ" ಎಂದು ನನ್ನ ಕೆನ್ನೆ ಸವರಿದಳು. ಮರುದಿನ ಬಸದಿಯ ಅಭಿಷೇಕಕ್ಕೆ ನೀರು ಬೇಕಾಗಿತ್ತು. "ನೀನ ಸೋಸಿ ಕೊಡವ್ವ, ನಿನ್ನ ಕೈಯಿಂದ ಹೋಗಲಿ" ಎಂದಳು. ಎಲ್ಲರೂ ನೋಡುತ್ತಿದ್ದರು. ಕುಡಿದ ತಂಬಿಗೆಯ ಮಾತು ಎತ್ತದೆ ಸೋಸಿ ಕೊಟ್ಟೆ.

ಅದರ ಮಾರನೆಯ ದಿನವೇ ಗಂಡನ ಮುಂದೆ ಹೋಗಿ ನಿಂತೆ. "ಊರಿಗೆ ಹೋಗೂಣು ನಡ್ರಿ" ಎಂದೆ. ಯಾವ ಊರಿಗೆ ಎಂಬುದು ಅವರಿಗೆ ತಕ್ಷಣ ಹೊಳೆಯಲಿಲ್ಲ. ಹೊಳೆದ ಮೇಲೆ ಕೇಳಿದರು, "ಯಾಕ, ಏನಾತು?"

"ಇಲ್ಲೆ ಉಸರ ಕಟ್ಟತೈತ್ರಿ" ಎಂದೆ.