ಗುಂಯ್‌ಗುಡುವ ಪೆಟ್ಟಿಗೆಗಳ ಡಬ್ಬಿಯಕ್ಕ

ಬೆಳಗಿನ ಐದೂವರೆ. ಡಬ್ಬಿಯಕ್ಕ ಮೊದಲು ಫ್ರಿಜ್ ಆರಿಸುತ್ತಾರೆ, ಆಮೇಲೆ ಫ್ಯಾನು. ಬಸ್ ಚಾಲಕರಾದ ಗಂಡ ಸದ್ದಿಲ್ಲದೆ ಕೆಲಸಕ್ಕೆ ಹೊರಡಬೇಕು. ಅದು ಮನೆಯ ಕಾನೂನು. ಮುಂಗೋಣೆಯ ಮೇಜಿನ ಮೇಲೆ ಡಬ್ಬಿಯಕ್ಕನಿಗಿಂತ ಎರಡು ವರ್ಷ ಹಿರಿಯದಾದ ಆಂಪ್ಲಿಫೈಯರ್ ಕೂತಿದೆ. ಸ್ವಿಚ್ಚು ಒತ್ತಿ, ಸ್ಪೀಕರಿಗೆ ಕಿವಿಗೊಟ್ಟು ಕಣ್ಣು ಮುಚ್ಚುತ್ತಾರೆ. ಹಾಡೇನೂ ಹಾಕಿಲ್ಲ, ಆದರೂ ಒಳಗಿಂದ ‘ಗುಂಯ್’ ಎನ್ನುವ ಸದ್ದು. ಬೀದಿ ಎದ್ದುಬಿಟ್ಟರೆ ಇದು ಕೇಳಿಸುವುದಿಲ್ಲ.

ಆ ಸದ್ದಿಗೆ ಕಾರಣ ಮುದಿಯಾದ ಕೆಪಾಸಿಟರುಗಳು. ಹೆಬ್ಬೆರಳಿನಷ್ಟು ಗಾತ್ರದ ಅವನ್ನು ಇವರು ಡಬ್ಬಿ ಎನ್ನುತ್ತಾರೆ. ಊರಿನವರು ಇವರನ್ನೇ ಡಬ್ಬಿಯಕ್ಕ ಮಾಡಿದ್ದಾರೆ.

“ಮನೆ ಮೇಲೆ ನೀರಿನ ಟ್ಯಾಂಕ್ ಇರುತ್ತಲ್ಲ, ಹಾಗೆ ಇದು. ಕರೆಂಟು ತಡವರಿಸಿ ಬಂದ್ರೂ ತುಂಬಿಟ್ಕೊಂಡು ಸಮಾ ಕೊಡುತ್ತೆ. ವಯಸ್ಸಾದ ಮೇಲೆ ಒಳಗೆಲ್ಲ ಒಣಗಿ ಹೋಗುತ್ತೆ. ಆಗ ಪೆಟ್ಟಿಗೆ ಗೊಣಗೋಕೆ ಶುರು ಮಾಡುತ್ತೆ, ನಮ್ಮೆಲ್ಲರ ಥರಾನೇ,” ಎಂದು ನಗುತ್ತಾರೆ.

ಪ್ಲಗ್ಗು ಕಿತ್ತ ಮೇಲೂ ಡಬ್ಬಿಗಳಲ್ಲಿ ಕರೆಂಟು ಉಳಿದಿರುತ್ತದೆ. ಅದನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಒಳಗೆ ಹೋಗುವುದು. ಒಂದು ಪೆಟ್ಟಿಗೆಯಲ್ಲಿ ಮೂವತ್ತು ನಲವತ್ತು ಡಬ್ಬಿಗಳು. ಒಂದೊಂದನ್ನೂ ಬಿಚ್ಚಿ, ಅಳೆದು, ಸತ್ತದ್ದನ್ನು ತೆಗೆದು ಹೊಸದನ್ನು ಬೆಸುಗೆ ಹಾಕಬೇಕು. ವಾರಕ್ಕೆ ಮೂರು ಪೆಟ್ಟಿಗೆ ಮುಗಿದರೆ ಹೆಚ್ಚು. ಕೊನೆಯ ಪರೀಕ್ಷೆ ಅತ್ತೆಯವರದು. ಎಂಬತ್ತು ದಾಟಿದ ಅವರಿಗೆ ಕಿವಿ ಪೂರ್ತಿ ಕೇಳಿಸದು. ಸ್ಪೀಕರಿನ ಮರದ ಮೇಲೆ ಅಂಗೈ ಇಟ್ಟು, “ಇನ್ನೂ ಜೇನು ಕೂತಿದೆ ಕಣೇ,” ಎಂದರೆ ಸೊಸೆ ಮತ್ತೆ ಮುಚ್ಚಳ ಬಿಚ್ಚುತ್ತಾರೆ.

ಡಬ್ಬಿಯಕ್ಕ ಹತ್ತೊಂಬತ್ತು ವರ್ಷ ಟೆಲಿಫೋನ್ ಕಾರ್ಖಾನೆಯಲ್ಲಿ ಬಿಡಿಭಾಗ ಪರೀಕ್ಷಿಸುತ್ತಿದ್ದವರು. ಕಾರ್ಖಾನೆ ಮುಚ್ಚಿದಾಗ ಆರು ತಿಂಗಳು ಮನೆಯಲ್ಲಿ ಮಂಕಾಗಿ ಕೂತಿದ್ದರು. ಪಕ್ಕದ ಮನೆಯ ರೇಡಿಯೊ ಕೆಟ್ಟದ್ದೇ ನೆಪ, ಮತ್ತೆ ಮೀಟರ್ ಹಿಡಿದರು.

ಈ ಕೆಲಸದ ಮೂರನೆಯ ವರ್ಷ ಒಂದು ಎಡವಟ್ಟಾಯಿತು. ನೃತ್ಯಶಾಲೆಯ ಮೇಷ್ಟ್ರು ತಂದ ಆಂಪ್ಲಿಫೈಯರಿನಲ್ಲಿ, ಅವಸರಕ್ಕೆ ಒಂದು ಡಬ್ಬಿಯನ್ನು ತಿರುಗುಮುರುಗಾಗಿ ಕೂರಿಸಿದ್ದರು. ಮೇಷ್ಟ್ರು ಎದುರಿಗೇ ಕೂತಿದ್ದಾಗ ಸ್ವಿಚ್ಚು ಹಾಕಿದ್ದೇ ಫಟ್ ಎಂದಿತು. ಕೋಣೆ ತುಂಬ ಬಿಳಿ ಹೊಗೆ. ಕರೆಂಟನ್ನು ತಕ್ಕಷ್ಟಕ್ಕೆ ತರುವ, ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರ್ ಕೂಡ ಸುಟ್ಟಿತ್ತು. ಮಕ್ಕಳ ಪ್ರದರ್ಶನಕ್ಕೆ ಉಳಿದದ್ದು ಒಂಬತ್ತು ದಿನ.

“ಪೆಟ್ಟಿಗೆ ಹಳೇದು, ಅದಕ್ಕೇ ಹೋಯ್ತು ಅಂದಿದ್ರೆ ನಂಬ್ತಿದ್ರು. ನಾಲಿಗೆ ತುದೀಲೇ ಇತ್ತು ಆ ಮಾತು. ಆದ್ರೆ ಅವರು ಹೊಗೆ ಕುಡಿದು ಕೆಮ್ತಾ, ‘ನಿಮ್ಮ ಕೈಗೇನೂ ಆಗಿಲ್ಲ ತಾನೆ?’ ಅಂತ ಕೇಳಿಬಿಟ್ರು. ತಪ್ಪು ನಂದೇ ಮೇಷ್ಟ್ರೇ ಅಂದೆ.”

ಅಂಥ ಟ್ರಾನ್ಸ್‌ಫಾರ್ಮರ್ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಸುಟ್ಟದ್ದರ ತಂತಿಯನ್ನೇ ಬಿಚ್ಚಿ, ಸುತ್ತು ಎಣಿಸಿ, ಹೊಸ ತಂತಿ ಸುತ್ತಲು ಕೂತರು. ಎಣಿಕೆ ಗಂಡನ ಪಾಲಿಗೆ. ಎಂಟುನೂರ ಹನ್ನೆರಡಕ್ಕೆ ಬಂದಾಗ ಹಾಲಿನವನು ಬಂದು “ಎರಡಾ, ಮೂರಾ?” ಎಂದ, ಗಂಡ “ಮೂರು” ಎಂದವರೇ ಲೆಕ್ಕ ಮರೆತರು. ಇಬ್ಬರೂ ಮುಖ ಮುಖ ನೋಡಿಕೊಂಡು, ನಕ್ಕು, ಮತ್ತೆ ಒಂದರಿಂದ ಶುರು ಮಾಡಿದರು.

ಪ್ರದರ್ಶನದ ಹಿಂದಿನ ದಿನ ಆಂಪ್ಲಿಫೈಯರ್ ನೃತ್ಯಶಾಲೆಗೆ ಮರಳಿತು. ಮರುದಿನ ಡಬ್ಬಿಯಕ್ಕ ಸಭಾಂಗಣದ ಹಿಂಬದಿಯ ಗೋಡೆಗೊರಗಿ ನಿಂತಿದ್ದರು. ಮಕ್ಕಳು ಕುಣಿದದ್ದು, ಜನ ಚಪ್ಪಾಳೆ ತಟ್ಟಿದ್ದು ಅವರಿಗೆ ನೆನಪಿಲ್ಲ. ಎರಡು ಹಾಡುಗಳ ನಡುವಿನ ಮೌನವನ್ನಷ್ಟೇ ಅವರು ಕೇಳಿಸಿಕೊಳ್ಳುತ್ತಿದ್ದರು. ಅದು ಶುದ್ಧವಾಗಿತ್ತು. ಅಂದಿನಿಂದ ಪ್ರತಿ ಡಬ್ಬಿಯ ಪ್ಲಸ್ ಬದಿಗೆ ಕೆಂಪು ಉಗುರುಬಣ್ಣದ ಚುಕ್ಕಿ ಇಡದೆ ಬೆಸುಗೆ ಕಡ್ಡಿ ಮುಟ್ಟುವುದಿಲ್ಲ. ಅಂದಿನಿಂದ ಗಿರಾಕಿಗಳನ್ನು ಹೆಚ್ಚು ಕಳಿಸುವವರೂ ಆ ಮೇಷ್ಟ್ರೇ.

ಕಳೆದ ತಿಂಗಳು ಅಪರಿಚಿತರೊಬ್ಬರು ಮಾತು ನಿಂತ ರೇಡಿಯೊ ತಂದರು. ಮುಚ್ಚಳ ತೆಗೆದರೆ ಒಳಗೆ ಪೆನ್ಸಿಲಿನಲ್ಲಿ ಬರೆದ ರಿಪೇರಿಯ ತಾರೀಖು, ಬರಹ ಡಬ್ಬಿಯಕ್ಕನದೇ. ಹದಿನಾಲ್ಕು ವರ್ಷದ ಹಿಂದಿನದು.

“ನಾನು ಹಾಕಿದ್ದೇ ಕೆಟ್ಟಿತೇನೋ ಅಂದ್ಕೊಂಡೆ. ಮೂವತ್ತೊಂದು ಡಬ್ಬಿ, ಎಲ್ಲಾ ಅಳೆದೆ. ಒಂದೂ ಸೋತಿರಲಿಲ್ಲ. ಪ್ಲಗ್ಗಿನ ವೈರು ತುಂಡಾಗಿತ್ತು, ಅಷ್ಟೇ. ಅದನ್ನ ಹಾಕಿಕೊಟ್ಟೆ. ಮುಚ್ಚಳ ಹಾಕೋಕೆ ಮುಂಚೆ ಮಾತ್ರ ಆ ಹಳೇ ಡಬ್ಬಿಗಳನ್ನ ಇನ್ನೊಂದ್ಸಲ ನೋಡಿದೆ.”