ದೊಡ್ಡಮ್ಮನ ಕೋಟು ಉದ್ದವಾದದ್ದು

ಹೊಲಿಗೆ ಅಂಗಡಿಯಲ್ಲಿ ಅವನನ್ನು ಎಲ್ಲರೂ ಕಾಜಾ ಎಂದೇ ಕರೆಯುತ್ತಿದ್ದರು. ಮೊದಲ ಎರಡು ವರ್ಷ ಗುಂಡಿಗೆ ಕಾಜಾ ಹೊಲಿಯುವುದು ಬಿಟ್ಟರೆ ಬೇರಾವ ಕೆಲಸಕ್ಕೂ ಅವನ ಕೈಯನ್ನು ನಂಬುವಂತಿರಲಿಲ್ಲ. ಇದನ್ನು ಅವನೇ ಒಪ್ಪುತ್ತಿದ್ದ. ಮೂರು ಕಡೆ ಕೆಲಸ ಕಳೆದುಕೊಂಡವನಿಗೆ ನಾಲ್ಕನೆಯದು ಸಿಕ್ಕಿದ್ದೂ ಅಂಗಡಿ ದೊಡ್ಡಮ್ಮನದಾದ್ದರಿಂದ.

ದೊಡ್ಡಮ್ಮನಿಗೆ ಅರವತ್ತೆರಡು. ಮೂವತ್ತೈದು ವರ್ಷ ಕಿಟಕಿಯಿಲ್ಲದ ಹಿಂದಿನ ಕೋಣೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಆಸ್ಪತ್ರೆಗಳಿಗೆ ಬಿಳಿ ಕೋಟು ಕತ್ತರಿಸಿದವಳು. ಬಿಸಿಲು ಬಟ್ಟೆಯ ಬಣ್ಣ ಕೆಡಿಸುತ್ತದೆ ಎಂಬುದಷ್ಟೇ ಬಿಸಿಲಿನ ಬಗ್ಗೆ ಅವಳಿಗಿದ್ದ ಅಭಿಪ್ರಾಯ. ಗಿರಾಕಿ ಬಾಗಿಲಲ್ಲಿ ಕಂಡರೆ ಸಾಕು, ಸೊಂಟದ ಅಳತೆ ಹೇಳಿಬಿಡುವಳು. ಯಾರನ್ನೂ ನಂಬಳು. ಒಂದು ಸೂಜಿ ಕೊಟ್ಟರೂ ವಾಪಸು ಬರುವವರೆಗೆ ಕೈ ಚಾಚಿಕೊಂಡೇ ನಿಂತಿರುವಳು.

ಮೂರನೆಯ ವರ್ಷ ತನಗೊಂದು ಕೆಲಸದ ಕೋಟು ಕತ್ತರಿಸಿ ಕಾಜಾನಿಗೆ ಹೊಲಿಯಲು ಕೊಟ್ಟಳು. ಅಳತೆ ಬಾಯಿಪಾಠ, ಇಪ್ಪತ್ತು ವರ್ಷದಿಂದ ಅದೇ. ತೊಟ್ಟು ನೋಡಿದರೆ, ಮೊಣಕಾಲಿಗೆ ಎರಡು ಬೆರಳು ಕೆಳಗಿರಬೇಕಾದ ಅಂಚು ಮೀನಖಂಡಕ್ಕೆ ಬಡಿಯುತ್ತಿದೆ.

“ಏನೋ ಇದು? ಅಂಚು ಮಡಚೋಕೂ ಸೋಮಾರಿತನಾನಾ?”

“ಎರಡಿಂಚು ಮಡಚಿದೀನಿ ದೊಡ್ಡಮ್ಮಾ. ಬೇಕಾದ್ರೆ ಬಿಚ್ಚಿ ನೋಡಿ.”

“ನೋಡ್ತಾನೇ ಇದೀನಿ. ಮೇಲಿನ ಹಲಗೆ ಎತ್ತರಿಸಿದ್ದು ಯಾರು? ದಾರದ ಡಬ್ಬಿ ನನ್ನ ಕೈಗೆ ಎಟುಕ್ತಿಲ್ಲ. ಮೇಜಿನ ಕಾಲಿಗೆ ಏನು ಕೊಟ್ಟಿದೀಯ? ಎದೆಗೆ ಬರ್ತಿದೆ. ನನ್ನನ್ನ ಮೂಲೆಗೆ ಕೂರಿಸಿ ಅಂಗಡಿ ಹೊಡ್ಕೊಳ್ಳೋ ಹುನ್ನಾರ! ಶನಿವಾರದೊಳಗೆ ಒಪ್ಕೋ. ಇಲ್ಲಾಂದ್ರೆ ಸೋಮವಾರದಿಂದ ಬರಬೇಡ.”

ತಾನು ತಪ್ಪು ಮಾಡಿಲ್ಲವೆಂದು ಕಾಜಾನಿಗೂ ಖಾತ್ರಿಯಿರಲಿಲ್ಲ. ಅವನ ಕೈಚಳಕದ ಚರಿತ್ರೆ ಅಂಥದ್ದು. ಟೇಪು ಜಗ್ಗಿದೆಯೇನೋ ಎಂದು ಉಕ್ಕಿನ ಸ್ಕೇಲಿನ ಪಕ್ಕ ಹಿಡಿದ. ಸರಿಯಿತ್ತು. ಹಲಗೆಯ ಮೊಳೆಗಳು ತುಕ್ಕು ಹಿಡಿದು ಹಳೆಯ ತೂತಿನಲ್ಲೇ ಇದ್ದವು. ಮೇಜಿನ ಕಾಲಡಿ ಧೂಳು ಬಿಟ್ಟರೆ ಏನಿಲ್ಲ. ಕೊನೆಗೆ ಇಸ್ತ್ರಿಯವನ ಮೇಲೆ ಗುಮಾನಿ ಬಂತು.

“ಕೋಟು ಎಳೆದು ಇಸ್ತ್ರಿ ಮಾಡಿದ್ಯಾ?”

“ಎಳೆದ್ರೆ ಉದ್ದ ಆಗೋ ಹಾಗಿದ್ರೆ ನನ್ನ ಸಂಬಳಾನೇ ಎಳೀತಿದ್ದೆ, ಹೋಗೋ.”

ಶುಕ್ರವಾರ ದೊಡ್ಡಮ್ಮ ಅದೇ ಕೋಟು ತೊಟ್ಟು, ಹಲಗೆಯತ್ತ ಮುಖ ಮಾಡಿ ಡಬ್ಬಿಯೊಡನೆ ಗುದ್ದಾಡುತ್ತಿದ್ದಳು. ಕಾಜಾ ಪಕ್ಕದಿಂದ ನೋಡಿದ. ಅಂಚು ಮುಂದೆ ಜೋತುಬಿದ್ದಿದೆ, ಹಿಂದೆ ಮೇಲೆದ್ದಿದೆ. ಹಾಗಾದರೆ ಬಟ್ಟೆಯನ್ನು ಬೈಯಬೇಡ, ಗಿರಾಕಿಯ ಬೆನ್ನು ನೋಡು ಎಂದು ಅವನಿಗೆ ಕಲಿಸಿದ್ದು ಅವಳೇ. ಕನ್ನಡಿಯಲ್ಲಿ ತನ್ನ ಮುಂಭಾಗವನ್ನಷ್ಟೇ ನೋಡಿಕೊಂಡಿದ್ದಳು.

ಕೊರಳಿನ ಟೇಪು ಕೈಗೆ ತೆಗೆದುಕೊಂಡ.

“ದೊಡ್ಡಮ್ಮಾ, ಗೋಡೆಗೆ ಬೆನ್ನು ಕೊಟ್ಟು ನಿಂತ್ಕೊಳ್ಳಿ. ಅಳತೆ ತಗೋಬೇಕು.”

“ನನ್ನದಾ? ಅದೂ ನೀನಾ?”

ನಿಂತಳು, ಅವನ ಮೋಸ ಹಿಡಿಯುವ ಹಟಕ್ಕೆ. ಹಿಮ್ಮಡಿ ಗೋಡೆಗೆ ತಾಗಿತು, ತಲೆ ತಾಗಲಿಲ್ಲ. ನೆತ್ತಿಯ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ ಅಳೆದ. ಐವತ್ತೊಂಬತ್ತೂವರೆ ಇಂಚು.

“ಅರವತ್ತೆರಡು ಇಂಚು ಕಣೋ ನಾನು!” ಟೇಪು ಕಿತ್ತುಕೊಂಡು ಪೆನ್ಸಿಲ್ ಗುರುತಿನವರೆಗೆ ತಾನೇ ಎರಡು ಸಲ ಅಳೆದಳು.

“ಬೆನ್ನು ನೋವಿದೆಯಾ?”

“ಇದೆ. ಮೇಜು ಎತ್ತರ ಆದಾಗಿಂದ.”

ಮರುದಿನ ಕಾಜಾ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ಆಯಿತು. ಮೂಳೆಗಳ ಸಾಂದ್ರತೆ ಕುಸಿದಿತ್ತು, ವಿಟಮಿನ್ ಡಿ ತಳ ಕಂಡಿತ್ತು, ಬೆನ್ನೆಲುಬಿನಲ್ಲಿ ಎರಡು ಮೂಳೆ ಅಮುಕಿ ಚಪ್ಪಟೆಯಾಗಿದ್ದವು.

“ಬೀಳದೆ ಮೂಳೆ ಮುರಿಯುತ್ತಾ? ನಿಮ್ಮ ಯಂತ್ರದ ಅಳತೆ ಸರಿಯಿದೆ ಅಂತ ನೋಡ್ದೋರು ಯಾರು?” ದೊಡ್ಡಮ್ಮ ಡಾಕ್ಟರನ್ನೇ ವಿಚಾರಣೆಗೆ ನಿಲ್ಲಿಸಿದಳು.

“ಹೀಗೇ ಸದ್ದಿಲ್ಲದೆ ಕುಸಿಯುತ್ತೆ ಅಮ್ಮಾ. ಇನ್ಮೇಲೆ ಬಗ್ಗಿ ಕತ್ತರಿಸೋದು, ಬಟ್ಟೆ ಥಾನು ಎತ್ತೋದು ಬೇಡ. ಮೂರನೇದೂ ಹೋಗಬಹುದು.”

ಸೋಮವಾರ ಕಾಜಾ ಅಂಗಡಿಯ ಹೊಸ್ತಿಲಲ್ಲೇ ನಿಂತ. ಬರಬೇಡ ಎಂದದ್ದನ್ನು ಯಾರೂ ಹಿಂದೆ ತೆಗೆದುಕೊಂಡಿರಲಿಲ್ಲ.

“ಅಲ್ಲೇ ಬೇರು ಬಿಡ್ತೀಯಾ? ಒಳಗೆ ಬಾ. ಬಗ್ಗೋ ಕೆಲಸ ಇನ್ಮೇಲೆ ನಿನ್ನದು. ಕತ್ತರಿ ಹಿಡಿ.”

“ಹಾಗಾದ್ರೆ ನನ್ನ ಮೇಲಿನ ಅನುಮಾನ ಹೋಯ್ತಾ?”

“ಮೇಜಿನ ವಿಷಯದಲ್ಲಿ ಹೋಯ್ತು.”

ವಾರಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಬರಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂರಬೇಕು. ಸಮಯ ದಂಡವಾಗಬಾರದೆಂದು ದೊಡ್ಡಮ್ಮ ಅದನ್ನು ಅಂಗಡಿಯಲ್ಲೇ ನುಂಗಿ, ಮೇಜಿನೆದುರು ಸ್ಟೂಲು ಎಳೆದು ಕೂತಳು. ಕಾಜಾ ತಾನೇ ಕತ್ತರಿಸಬೇಕಾದ ಮೊದಲ ಕೋಟು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆಯಾಗಿ ಮಲಗಿತ್ತು. ಅವನು ಕತ್ತರಿ ಬಾಯಿ ತೆರೆದ. ಅರ್ಧ ಗಂಟೆ ಅವಳು ಮಲಗುವಂತಿಲ್ಲ, ಬಗ್ಗುವಂತಿಲ್ಲ, ತಿನ್ನುವಂತಿಲ್ಲ. ನೋಡಬಾರದೆಂದು ಮಾತ್ರ ಡಾಕ್ಟರು ಹೇಳಿರಲಿಲ್ಲ.