ಇಪ್ಪತ್ತೆರಡು ಬಾರಿ ಒಂದೇ ಮಾತು

ಕುಷ್ಟಗಿಯಲ್ಲಿ ನನ್ನ ಝೆರಾಕ್ಸ್ ಅಂಗಡಿಗೆ ಹೊಂದಿಕೊಂಡೇ ಕಂಪ್ಯೂಟರ್ ರಿಪೇರಿ ಮಾಡುವ ಭಾಯಿಯ ಅಂಗಡಿ. ಅವರ ತಂಗಿಗೆ ಕಣ್ಣು ಕಾಣುವುದಿಲ್ಲ. ಆಕೆಗಾಗಿ ಭಾಯಿ ಎರಡು ವರ್ಷ ಕೂತು ಒಂದು ಪ್ಲಗಿನ್ ಮಾಡಿದ್ದರು. ಬ್ರೌಸರಿಗೆ ಅದನ್ನು ಸೇರಿಸಿಕೊಂಡರೆ ತೆರೆದ ಪುಟದ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ತಂಗಿ ಬೆಳಿಗ್ಗೆ ಪಾತ್ರೆ ತೊಳೆದಿಟ್ಟು ಪತ್ರಿಕೆ ಕೇಳಲು ಕೂತರೆ ಹತ್ತೂವರೆಯ ತನಕ ಏಳುತ್ತಿರಲಿಲ್ಲ. ಕಾಲುವೆಗೆ ನೀರು ಯಾವಾಗ, ಕರೆಂಟು ಎಲ್ಲಿ ಇರುವುದಿಲ್ಲ, ಎಲ್ಲವನ್ನೂ ಆಕೆಯೇ ನಮಗೆ ಹೇಳುತ್ತಿದ್ದಳು.

ಆಕೆಯಂಥ ಇನ್ನಷ್ಟು ಜನರಿಗೆ ಸಿಗಲಿ ಎಂದು ಭಾಯಿ ಅದನ್ನು ಪ್ಲಗಿನ್‌ಗಳ ವೆಬ್‌ಸೈಟಿನಲ್ಲಿ ಹಾಕಿದರು. ಬಳಸಿದವರು ಅಲ್ಲಿ ಸ್ಟಾರ್ ಕೊಟ್ಟು ಅಭಿಪ್ರಾಯ ಬರೆಯಬೇಕು. ಸ್ಟಾರ್ ಕಡಿಮೆಯಾದರೆ ಪಟ್ಟಿಯ ತಳಕ್ಕೆ ಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ವರ್ಷವಾದರೂ ಬಂದದ್ದು ಮೂರೇ ಅಭಿಪ್ರಾಯ. ಕಾರಟಗಿಯವನೆಂದು ಹೇಳಿಕೊಂಡ ಒಬ್ಬ ಎರಡು ಸ್ಟಾರ್ ಕೊಟ್ಟು, ಪುಟ ಉದ್ದವಿದ್ದರೆ ನಡುವೆಯೇ ನಿಂತುಬಿಡುತ್ತದೆ ಎಂದು ಬರೆದಿದ್ದ. ಭಾಯಿ ಅದನ್ನು ದಿನವೂ ತೆರೆದು ನೋಡುತ್ತಿದ್ದರು.

“ಅಷ್ಟಕ್ಕ ಯಾಕ ಸಪ್ಪಗಾಗ್ತೀರಿ ಭಾಯಿ? ನಮ್ಮ ಸಂಘ ಐತಿ, ಅವರ ಕಡಿಂದ ನಾ ಬರಸ್ತೀನಿ ಬಿಡ್ರಿ,” ಅಂದೆ.

“ಅವರ‍್ಯಾರೂ ಅದನ್ನ ಬಳಸೇ ಇಲ್ಲಲ್ರಿ ಅಕ್ಕಾರ.”

“ಸಂಘದ ಠರಾವನ್ನೂ ಯಾರೂ ಓದಂಗಿಲ್ರಿ. ಸಹಿ ಮಾಡಂಗಿಲ್ಲೇನು?”

ಭಾಯಿ ನಕ್ಕರು. ಆ ನಗುವನ್ನೇ ನಾನು ಒಪ್ಪಿಗೆ ಎಂದುಕೊಂಡೆ.

ನಮ್ಮ ಮಹಿಳಾ ಸಂಘದ ಪದ್ಧತಿಯೇ ಹಾಗೆ. ವಾರದ ಸಭೆಯ ನಿರ್ಣಯವನ್ನು ಠರಾವಾಗಿ ಬರೆಯುವವಳು ನಾನು, ಉಳಿದವರದು ಕೆಳಗೆ ಸಹಿ. ಆ ಭಾನುವಾರ ಇಪ್ಪತ್ತೆರಡು ಮಂದಿ ಅಂಗಡಿಗೆ ಬಂದರು. ಎಲ್ಲರ ಮೊಬೈಲಿಗೂ ಅಂಗಡಿಯ ವೈಫೈ ಹಾಕಿಕೊಟ್ಟು, ಬರೆಯಬೇಕಾದ ಮಾತನ್ನು ಗಟ್ಟಿಯಾಗಿ ಹೇಳಿದೆ: ‘ಬಹಳ ಉಪಯುಕ್ತವಾಗಿದೆ, ಎಲ್ಲರೂ ಬಳಸಿರಿ.’ ಬರೆಯಲು ಬಾರದವರದನ್ನು ನಾನೇ ಒತ್ತಿದೆ.

“ಐದಕ್ಕ ಐದೂ ಕೊಡಬೇಕೇನವಾ? ನನ್ನ ಗಂಡಗ ಇನ್ನೂ ಒಂದೂ ಕೊಟ್ಟಿಲ್ಲ ನಾ,” ಎಂದಳು ಒಬ್ಬಾಕೆ. ಎಲ್ಲರೂ ನಕ್ಕು, ಮಂಡಕ್ಕಿ ಒಗ್ಗರಣೆ ತಿಂದು ಹೋದರು.

ಮಂಗಳವಾರ ನೋಡಿದರೆ ಪ್ಲಗಿನ್ನಿನ ಪುಟವೇ ಇರಲಿಲ್ಲ. ಸೈಟಿನವರಿಂದ ಭಾಯಿಗೆ ಇಮೇಲ್ ಬಂದಿತ್ತು: ‘ಒಂದೇ ಜಾಗದಿಂದ, ಒಂದೇ ಹೊತ್ತಿನಲ್ಲಿ, ಒಂದೇ ವಾಕ್ಯ ಬಂದಿದೆ. ಇವು ಸುಳ್ಳು ಅಭಿಪ್ರಾಯಗಳು. ಪ್ಲಗಿನ್ ತೆಗೆದು ನಿಮ್ಮ ಖಾತೆ ಮುಚ್ಚಿದ್ದೇವೆ.’ ತಂಗಿಯ ಕಂಪ್ಯೂಟರಿನಲ್ಲೂ ಅದು ತಾನಾಗಿಯೇ ಬಂದ್ ಆಗಿತ್ತು. ಸೈಟಿನವರು ಒಪ್ಪದ ಪ್ಲಗಿನ್ನನ್ನು ಆ ಬ್ರೌಸರ್ ನಡೆಸುವುದಿಲ್ಲವಂತೆ.

ತಪ್ಪು ನನ್ನದು, ಅವರದಲ್ಲ ಎಂದು ನಾನೇ ಸೈಟಿನವರಿಗೆ ಬರೆದೆ. ಪರಿಶೀಲಿಸಿದ್ದೇವೆ, ನಿರ್ಧಾರ ಬದಲಾಗದು ಎಂದು ಎರಡು ಸಾಲಿನ ಉತ್ತರ ಬಂತು. ಭಾಯಿ ನನ್ನ ಅಂಗಡಿಯಲ್ಲಿ ಕೂತು ಕುಡಿಯುತ್ತಿದ್ದ ಮಧ್ಯಾಹ್ನದ ಚಹಾವನ್ನು ಈಗ ತಮ್ಮ ಅಂಗಡಿಗೇ ತರಿಸಿಕೊಳ್ಳುತ್ತಾರೆ.

ಮರುವಾರ ಪತ್ರಿಕೆ ಹಿಡಿದು ಅವರ ಮನೆಗೆ ಹೋದೆ. ತಂಗಿ ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತ ಕೂತಿದ್ದಳು.

“ಆ ಕಾರಟಗಿ ಮನಶಾ ಖರೇನ ಬರದಿದ್ದ ಅಕ್ಕಾರ. ನಂದೂ ನಡುವ ನಿಲ್ಲತಿತ್ತು. ಭೈಯಾಗ ಬ್ಯಾಸರ ಆಗ್ತೈತಂತ ನಾ ಹೇಳಿದ್ದಿಲ್ಲ. ಅವ ಬರದದ್ದು ನೋಡೇ ಭೈಯಾ ಅದನ್ನ ಸರಿ ಮಾಡಾಕ ಕುಂತಿದ್ದ. ಈಗ ಬಿಟ್ಟಾನ.”

“ನಾ ಓದ್ತೀನಿ, ಕೇಳವಾ,” ಎಂದು ಪತ್ರಿಕೆ ಬಿಚ್ಚಿದೆ.

“ಬ್ಯಾಡ್ರಿ. ನೀವು ಛಲೋ ಇದ್ದದ್ದಷ್ಟ ಓದ್ತೀರಿ.”

ನಗಿಸಲು ಅಂದದ್ದಲ್ಲ ಅದು. ಆದರೂ ನಾನು ಮೊದಲ ಪುಟದಿಂದ ಶುರುಮಾಡಿದೆ. ಯಲಬುರ್ಗಾ ರಸ್ತೆಯ ಅಪಘಾತ, ಅದರಲ್ಲಿ ಸತ್ತವರು, ಒಂದನ್ನೂ ಬಿಡದೆ ಓದಿದೆ. ಪುಟ ತಿರುವುವಾಗ ತಲೆಯೆತ್ತಿದರೆ, ಆಕೆ ಅಕ್ಕಿಯ ಮೊರ ಎತ್ತಿಕೊಂಡು ಒಳಗೆ ಹೋಗಿದ್ದಳು.